‘ಗೊತ್ತಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಮನೆ ಹುಡುಕುತ್ತಿರುವವರು ಇವತ್ತು ಸುಮಾರು ಜನ ಬಂದಿದ್ದೀರಿ. ಬಡ್ಡಿ, ಸ್ಕೂಲು, ಪೂರ್ವದ ಬಾಗಿಲು, ಇದನ್ನೆಲ್ಲ ನೀವೇ ಚೆನ್ನಾಗಿ ನೋಡಿರುತ್ತೀರಿ. ನಾನು ಬರೀ ಹಳೇ ಬಣ್ಣದ ವಿಷಯ ಹೇಳುತ್ತೇನೆ.

ಮನೆಗೆ ಬಳಿಯುವ ಸೀಸದ ಬಣ್ಣಕ್ಕೆ ಇಲ್ಲಿ ನಿಷೇಧ ಬಂದಿದ್ದು 1978ರಲ್ಲಿ. ಅದಕ್ಕೂ ಮೊದಲು ಕಟ್ಟಿದ ಮನೆ ಮಾರುವವರು, ಸೀಸದ ಬಗ್ಗೆ ತಮಗೆ ಗೊತ್ತಿರುವುದನ್ನು ಬರೆದು ಕೊಡಬೇಕು. ಹಳೇ ಪರೀಕ್ಷೆಯ ವರದಿ ಇದ್ದರೆ ಅದೂ ಬೇಕು, ಸರ್ಕಾರದ ಕೈಪಿಡಿಯೂ ಬೇಕು. ಪರೀಕ್ಷೆ ಮಾಡಿಸಲು ಕೊಳ್ಳುವವರಿಗೆ 10 ದಿನ ಅವಕಾಶ. ಇದೆಲ್ಲ 1992ರ ಫೆಡರಲ್ ಕಾನೂನಿನಿಂದ ಬಂದದ್ದು.

ಆದರೆ ಆ ಕಾನೂನು ಕೇಳುವುದು ‘ಗೊತ್ತಿರುವುದನ್ನು’ ಮಾತ್ರ. ಪರೀಕ್ಷೆ ಮಾಡಿಸಿ, ಬಣ್ಣ ಕೀಳಿಸಿ ಅಂತ ಮಾರುವವರಿಗೆ ಹೇಳುವುದಿಲ್ಲ. ‘ಏನೂ ಗೊತ್ತಿಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಅವರ ಕೆಲಸ ಮುಗಿಯಿತು. ನಾವು ಅದನ್ನು ‘ಸೀಸ ಇಲ್ಲ’ ಅಂತ ಓದಿಕೊಂಡು, ಮನೆ ಕೈತಪ್ಪೀತೆಂಬ ಅವಸರದಲ್ಲಿ 10 ದಿನವನ್ನೂ ಬಿಟ್ಟುಕೊಟ್ಟು ಸಹಿ ಹಾಕುತ್ತೇವೆ. ನಾನೂ ಹಾಕಿದವನೇ. ಎಫ್‌ಎಚ್‌ಎ ಸಾಲವಾದರೆ, ಅಂದರೆ ಫೆಡರಲ್ ಸರ್ಕಾರದ ವಿಮೆ ಇರುವ ಮನೆ ಸಾಲವಾದರೆ, ಸುಲಿದ ಬಣ್ಣವನ್ನು ಮೊದಲು ಸರಿಮಾಡಿಸಬೇಕಾಗುತ್ತದೆ, ಅಷ್ಟರ ಮಟ್ಟಿಗೆ ವಾಸಿ.

ಗಟ್ಟಿಯಾಗಿ ಕೂತಿರುವ ಬಣ್ಣದಿಂದ ಅಂಥ ತೊಂದರೆ ಇಲ್ಲ. ತೊಂದರೆ ಇರುವುದು ಧೂಳಿನಲ್ಲಿ. ಮೇಲೆ ಕೆಳಗೆ ಜಾರುವ ಹಳೇ ಕಿಟಕಿಯನ್ನೇ ನೋಡಿ. ತೆಗೆದಾಗ, ಹಾಕಿದಾಗ ಉಜ್ಜಿ ಉಜ್ಜಿ ಪುಡಿ ಉದುರುತ್ತದೆ. ಅಂಬೆಗಾಲಿಡುವ ಮಗು ಅದೇ ನೆಲ ಮುಟ್ಟಿ ಕೈ ಬಾಯಿಗಿಡುತ್ತದೆ. ಸೀಸ ಕೆಡಿಸುವುದು ಮಗುವಿನ ಮಿದುಳನ್ನು.

ಅದಕ್ಕೇ 2010ರಿಂದ ರಿಪೇರಿಗೂ ನಿಯಮ ಇದೆ. 1978ಕ್ಕೂ ಮೊದಲಿನ ಮನೆಯ ಕೋಣೆಯೊಂದರಲ್ಲಿ 6 ಚದರ ಅಡಿಗಿಂತ, ಹೊರಗೆ 20 ಚದರ ಅಡಿಗಿಂತ ಜಾಸ್ತಿ ಬಣ್ಣ ಕೆದಕುವ ಕೆಲಸವಾದರೆ ಇಪಿಎ (ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ) ಸರ್ಟಿಫಿಕೇಟ್ ಇರುವ ಕಂಟ್ರಾಕ್ಟರೇ ಬೇಕು. ಕಿಟಕಿ ಬದಲಾಯಿಸುವುದಾದರೆ ಈ ಅಡಿಗಳ ಲೆಕ್ಕವೇ ಇಲ್ಲ, ನಿಯಮ ಅನ್ವಯಿಸುತ್ತದೆ. ಬೆಂಕಿ ಹಿಡಿದು ಬಣ್ಣ ಸುಡುವಂತಿಲ್ಲ. ಸಣ್ಣ ಧೂಳನ್ನೂ ಹಿಡಿಯುವ ಹೆಪಾ ವ್ಯಾಕ್ಯೂಮ್ ಜೋಡಿಸದೆ ಸ್ಯಾಂಡಿಂಗ್ ಮಷೀನ್ ಓಡಿಸುವಂತಿಲ್ಲ.

ಆದರೆ ನೀವೇ ವಾಸವಿರುವ ಮನೆಯಲ್ಲಿ ನೀವೇ ಕೆಲಸ ಮಾಡಿದರೆ ಈ ನಿಯಮ ನಿಮಗಿಲ್ಲ! ನನ್ನ ಪ್ರಕಾರ ಜಾಸ್ತಿ ಅಪಾಯ ಇಲ್ಲೇ. ಶನಿವಾರ ಸುಮ್ನೆ ಕೂರಲಾಗದೆ ನಾವು ಸ್ಯಾಂಡ್‌ಪೇಪರ್ ಹಿಡಿಯುತ್ತೇವೆ. ಊರಿಂದ ಬಂದ ಅಮ್ಮ ಪೊರಕೆ ತಗೊಂಡು ಆ ಪುಡಿಯನ್ನು ಮನೆಯೆಲ್ಲ ಹರಡುತ್ತಾರೆ. ಕೆರೆಯಲೇಬೇಕು ಅಂದರೆ ಮೊದಲು ನೀರು ಸಿಂಪಡಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳು ಆವತ್ತು ಬೇರೆಯವರ ಮನೆಯಲ್ಲಿರಲಿ. ಮನೆಯ ಒಂದು ಭಾಗ ಬಾಡಿಗೆಗೆ ಕೊಟ್ಟಿದ್ದರೆ ಈ ವಿನಾಯಿತಿ ನಿಮಗೆ ಸಿಗುವುದಿಲ್ಲ, ಅದೂ ನೆನಪಿರಲಿ.

‘ನಮ್ಮೂರಲ್ಲಿ ಹೇಗೆ?’ ಅಂತ ಒಬ್ಬರು ಆಗಲೇ ಕೇಳಿದರು. ಭಾರತದಲ್ಲಿ ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಎಂಬ ನಿಯಮ 2016ರಲ್ಲಿ ಬಂತು, 2017ರ ನವೆಂಬರ್‌ನಿಂದ ಜಾರಿಗೆ ಬಂತು. ಅಜ್ಜನ ಮನೆಯ ಕಿಟಕಿ ಸರಳಿಗೆ ಬಳಿದ ಎನಾಮೆಲ್ ಅದಕ್ಕಿಂತ ಎಷ್ಟು ಹಳೆಯದು ಅಂತ ನೀವೇ ಲೆಕ್ಕ ಹಾಕಿ.