ತೊಂಬತ್ತು ದಿನಗಳ ಲೆಕ್ಕ: ಫೈನಾನ್ಸ್ ಎಂಎಸ್‌ನಿಂದ ಷಾರ್ಲಟ್‌ನ ಬ್ಯಾಂಕಿನವರೆಗೆ

ಎಲ್ಲರಿಗೂ ನಮಸ್ಕಾರ. ತೆರೆಯ ಮೇಲೆ ನೀವು ಈಗ ನೋಡುತ್ತಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಷಾರ್ಲಟ್ ನಗರದಲ್ಲಿ ಟ್ರೇಡ್ ಮತ್ತು ಟ್ರಯಾನ್ ಎಂಬ ಎರಡು ಬೀದಿಗಳು ಕೂಡುವ ಚೌಕ. ಮೂಲೆಯಲ್ಲಿರುವ, ಚಿನ್ನ ಸೋಸುವವನ ಪ್ರತಿಮೆ ಈ ಊರಿನ ಹಳೆಯ ಕಸುಬನ್ನು ನೆನಪಿಸುತ್ತದೆ. ಪಕ್ಕದಲ್ಲಿ ಎದ್ದು ನಿಂತಿರುವ ಗೋಪುರ ಬ್ಯಾಂಕ್ ಆಫ್ ಅಮೆರಿಕದ ಕೇಂದ್ರ ಕಚೇರಿ. ನಾನು ಕೆಲಸ ಮಾಡುವುದು ಅಲ್ಲಲ್ಲ. ಇಲ್ಲಿಂದ ರೈಲಿನಲ್ಲಿ ಕೆಲವೇ ನಿಲ್ದಾಣ ದೂರದ, ಹೆಸರು ಹೇಳಿದರೂ ನಿಮಗೆ ಗುರುತು ಹತ್ತದಷ್ಟು ಚಿಕ್ಕ ಬ್ಯಾಂಕೊಂದರಲ್ಲಿ.

ಫೈನಾನ್ಸ್ ಓದಿ ಇಲ್ಲಿ ಕೆಲಸ ಹಿಡಿದದ್ದು ಹೇಗೆ ಎಂದು ಕೇಳುವವರು ಸಾಮಾನ್ಯವಾಗಿ ಸಿಎಫ್‌ಎ ಎಂಬ ಹಣಕಾಸು ವೃತ್ತಿಯ ಪರೀಕ್ಷೆ ಬೇಕೇ, ಪೈಥಾನ್ ಪ್ರೋಗ್ರಾಮಿಂಗ್ ಎಷ್ಟು ಗೊತ್ತಿರಬೇಕು ಎಂಬಲ್ಲಿಂದ ಶುರುಮಾಡುತ್ತಾರೆ. ನಾನು ಶುರುಮಾಡುವುದು ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದ ಮೊದಲ ಪುಟದಲ್ಲಿ, ವಿಷಯದ ಹೆಸರಿನ ಪಕ್ಕದಲ್ಲೇ ಅಚ್ಚಾಗಿರುವ ಆರಂಕಿಯ ಸಂಖ್ಯೆಯಿಂದ. ಅದನ್ನು ಸಿಐಪಿ ಕೋಡ್ ಎನ್ನುತ್ತಾರೆ. ಅಲ್ಲಿ 52.0801 ಎಂದಿದ್ದರೆ ನೀವು ಓದುತ್ತಿರುವುದು ಸಾಮಾನ್ಯ ಫೈನಾನ್ಸ್, ಪದವಿಯ ನಂತರ ಒಪಿಟಿ ಎಂಬ ಕೆಲಸದ ಅನುಮತಿಯ ಅಡಿಯಲ್ಲಿ ದುಡಿಯಲು ನಿಮಗೆ ಸಿಗುವುದು 12 ತಿಂಗಳು ಮಾತ್ರ. 27.0305 ಎಂದಿದ್ದರೆ ಅದು ಹಣಕಾಸು ಗಣಿತ. ಸರ್ಕಾರದ ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ವಿಷಯಗಳ ಪಟ್ಟಿಯಲ್ಲಿರುವ ಕಾರಣ ಮತ್ತೆ 24 ತಿಂಗಳು ವಿಸ್ತರಣೆ ಕೇಳಬಹುದು. ಫೈನಾನ್ಷಿಯಲ್ ಅನಲಿಟಿಕ್ಸ್ ಆ ಪಟ್ಟಿಗೆ ಸೇರಿದ್ದು 2022ರ ಜನವರಿಯಲ್ಲಿ. ಎರಡು ಕೋರ್ಸುಗಳ ಪಠ್ಯ ಮುಕ್ಕಾಲು ಪಾಲು ಒಂದೇ ಆಗಿರಬಹುದು, ಪಾಠ ಹೇಳುವವರೂ ಅವರೇ ಇರಬಹುದು. ಆದರೆ ಒಂದು ವರ್ಷಕ್ಕೆ ಊರಿಗೆ ಮರಳಬೇಕಾದವನಿಗೂ ಮೂರು ವರ್ಷ ಉಳಿಯಬಹುದಾದವನಿಗೂ ನಡುವಿನ ಅಂತರ ಆ ಸಂಖ್ಯೆಯಷ್ಟೇ. ನಾನು ಇದನ್ನು ತಿಳಿದು ಆಯ್ದುಕೊಂಡೆ ಎಂದು ಹೇಳಿದರೆ ಸುಳ್ಳಾದೀತು. ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಚೇರಿಯೊಂದರಲ್ಲಿ ಅಮೆರಿಕದ ಬ್ಯಾಂಕೊಂದರ ವರದಿಗಳನ್ನು ತಯಾರಿಸುತ್ತಿದ್ದಾಗ, ಮೊದಲೇ ಇಲ್ಲಿಗೆ ಬಂದಿದ್ದ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಎಚ್ಚರಿಸಿದ್ದರಿಂದ ಬಚಾವಾದೆ.

ಊರು ಸಾಗರ. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು 2022ರ ಆಗಸ್ಟಿನಲ್ಲಿ ಹೊರಟಾಗ ಡಾಲರಿಗೆ ಸುಮಾರು 79 ರೂಪಾಯಿ ಇತ್ತು. ಕೊನೆಯ ಸೆಮಿಸ್ಟರಿನ ಶುಲ್ಕ ಕಟ್ಟುವ ಹೊತ್ತಿಗೆ ಅದು 83ರ ಆಸುಪಾಸಿಗೆ ಬಂದಿತ್ತು. 18,000 ಡಾಲರ್ ಶುಲ್ಕದಲ್ಲಿ ಒಂದು ಪೈಸೆಯೂ ಬದಲಾಗದಿದ್ದರೂ ನಮ್ಮ ಮನೆಯ ಸಾಲಕ್ಕೆ ಎಪ್ಪತ್ತು ಸಾವಿರ ಚಿಲ್ಲರೆ ಸೇರಿಕೊಂಡಿತು. ವಿನಿಮಯ ದರದ ಅಪಾಯ ಎಂಬ ಅಧ್ಯಾಯವನ್ನು ಆಮೇಲೆ ನನಗೆ ಯಾರೂ ಬೇರೆಯಾಗಿ ಕಲಿಸಬೇಕಾಗಲಿಲ್ಲ.

ತರಗತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ಸೋಮವಾರದ ಹೊರತು. 2023ರ ಮಾರ್ಚ್ 10ರ ಶುಕ್ರವಾರ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿತ್ತು. ಅದರ ಹಿಂದಿನ ದಿನ ಒಂದೇ ದಿನದಲ್ಲಿ ಗ್ರಾಹಕರು 42 ಶತಕೋಟಿ ಡಾಲರ್ ಹಿಂಪಡೆಯಲು ಮುಗಿಬಿದ್ದಿದ್ದರು. ಸೋಮವಾರ ನಮ್ಮ ಪ್ರಾಧ್ಯಾಪಕರು ಸ್ಲೈಡುಗಳನ್ನು ತೆರೆಯಲೇ ಇಲ್ಲ. ಬಡ್ಡಿ ತೀರಾ ಕಡಿಮೆ ಇದ್ದಾಗ ಕೊಂಡ ಹತ್ತು ವರ್ಷದ ಬಾಂಡು, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ದರವನ್ನು ಒಂದೇ ವರ್ಷದಲ್ಲಿ ಶೂನ್ಯದ ಬಳಿಯಿಂದ ಶೇಕಡಾ ನಾಲ್ಕೂವರೆಗೂ ಮೇಲಕ್ಕೆ ಏರಿಸಿದಾಗ ಎಷ್ಟು ಬೆಲೆ ಕಳೆದುಕೊಳ್ಳುತ್ತದೆ ಎಂಬುದನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸಿದರು. ಅಲ್ಲಿಯವರೆಗೆ ನನ್ನ ಕಣ್ಣೆಲ್ಲ ಷೇರು, ಬಾಂಡುಗಳನ್ನು ಕೊಂಡು ಮಾರುವ ನ್ಯೂಯಾರ್ಕಿನ ಟ್ರೇಡಿಂಗ್ ಮೇಜುಗಳ ಮೇಲಿತ್ತು. ಬ್ಯಾಂಕಿನ ಒಳಗೆ ಕುಳಿತು ಅದರ ಅಪಾಯವನ್ನು ಅಳೆಯುವುದೇ ಒಂದು ಉದ್ಯೋಗ ಎಂಬುದು ಹೊಳೆದದ್ದು ಆ ದಿನ.

ಕೋರ್ಸು ಮುಗಿದದ್ದು 2023ರ ಡಿಸೆಂಬರಿನಲ್ಲಿ. ಒಪಿಟಿ ಆರಂಭದ ದಿನವನ್ನು ಕೋರ್ಸು ಮುಗಿದ 60 ದಿನಗಳ ಒಳಗೆ ನಾವೇ ಆರಿಸಿಕೊಳ್ಳಬಹುದು. ಕೆಲಸ ಇನ್ನೂ ಸಿಗದವರು ಆ ದಿನವನ್ನು ಆದಷ್ಟು ಮುಂದಕ್ಕೆ ತಳ್ಳುವುದು ಜಾಣತನ, ಏಕೆಂದರೆ ಆ ದಿನದಿಂದ ನಿರುದ್ಯೋಗದ ಎಣಿಕೆ ಆರಂಭವಾಗುತ್ತದೆ ಮತ್ತು ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಶನಿವಾರ, ಭಾನುವಾರಗಳೂ ಅದರಲ್ಲಿ ಸೇರುತ್ತವೆ. ನನ್ನ ಎಣಿಕೆ 2024ರ ಫೆಬ್ರುವರಿ 12ರಂದು ಆರಂಭವಾಯಿತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಒಂದು ಗೀಟು ಹಾಕುತ್ತಿದ್ದೆ. ಮನೆ ಹಂಚಿಕೊಂಡಿದ್ದ ಗೆಳೆಯ ತಾಳಲಾರದೆ ಒಂದು ದಿನ ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟ.

ಪ್ರತಿ ಅರ್ಜಿಯ ಕೊನೆಯಲ್ಲೂ ಒಂದೇ ಪ್ರಶ್ನೆ ಇರುತ್ತಿತ್ತು: ಈಗ ಅಥವಾ ಮುಂದೆ ನಿಮಗೆ ಕಂಪನಿಯ ವೀಸಾ ಪ್ರಾಯೋಜಕತ್ವ ಬೇಕಾಗುವುದೇ? ‘ಈಗ’ ಎಂಬುದಕ್ಕೆ ನನ್ನ ಉತ್ತರ ಇಲ್ಲ, ‘ಮುಂದೆ’ ಎಂಬುದಕ್ಕೆ ಹೌದು; ಆದರೆ ಒತ್ತಲು ಇದ್ದದ್ದು ಒಂದೇ ಗುಂಡಿ. ಹೌದು ಎಂದು ಒತ್ತಿದ ಕೆಲವು ಅರ್ಜಿಗಳಿಗೆ ಎರಡು ನಿಮಿಷದೊಳಗೆ ತಿರಸ್ಕಾರದ ಮೇಲ್ ಬಂದಿದೆ, ಅಂದರೆ ರೆಸ್ಯೂಮೆಯನ್ನು ಮನುಷ್ಯರ್‍ಯಾರೂ ತೆರೆದಿರಲಿಲ್ಲ. 50ನೇ ದಿನ ದಾಟಿದ ಮೇಲೆ, ದುಡ್ಡು ಕೊಟ್ಟರೆ ತಮ್ಮಲ್ಲಿ ಕೆಲಸ ಮಾಡುತ್ತಿರುವಂತೆ ಪತ್ರ ಬರೆದುಕೊಡುತ್ತೇವೆ ಎನ್ನುವವರ ಕರೆಗಳೂ ಬಂದವು. ದಯವಿಟ್ಟು ಆ ಕಡೆ ತಲೆ ಹಾಕಬೇಡಿ. ಇಂದು ದಿನಗಳ ಎಣಿಕೆ ನಿಲ್ಲಿಸುವ ಆ ಪತ್ರವೇ ಮುಂದೆ ವೀಸಾ ಪರಿಶೀಲನೆಯ ದಿನ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ.

ಈಗಿನ ಕೆಲಸ ಸಿಕ್ಕಿದ್ದು ನಮ್ಮದೇ ಕೋರ್ಸಿನ ಹಳೆಯ ವಿದ್ಯಾರ್ಥಿನಿಯೊಬ್ಬರು ಹೆಸರು ಸೂಚಿಸಿದ್ದರಿಂದ. ಸಂದರ್ಶನದಲ್ಲಿ ತಂಡದ ಮುಖ್ಯಸ್ಥೆ, ಸಾಲದ ಇತಿಹಾಸವೇ ಇಲ್ಲದವನಿಗೆ ಸಾಲ ಕೊಡಬಹುದೇ ಎಂದು ಹೇಗೆ ತೀರ್ಮಾನಿಸುವಿರಿ ಎಂದು ಕೇಳಿದರು. ಸಿದ್ಧಪಡಿಸಿಕೊಂಡಿದ್ದ ಸೂತ್ರಗಳೆಲ್ಲ ಮರೆತುಹೋಗಿ ಬಾಯಿಗೆ ಬಂದದ್ದು ಮಂಡಿ. ಕೊಯ್ಲಿಗೆ ಮೊದಲೇ ಬೆಳೆಗಾರರಿಗೆ ಮುಂಗಡ ಕೊಡುವ ಪದ್ಧತಿ ಇದೆ. ತೋಟಕ್ಕೆ ಬೇಸಿಗೆಯಲ್ಲಿ ನೀರಿದೆಯೇ, ಹೋದ ವರ್ಷ ಮುಂಗಡ ಇಲ್ಲಿ ಪಡೆದು ಅಡಿಕೆಯನ್ನು ಬೇರೆ ಮಂಡಿಗೆ ಹಾಕಿದ್ದನೇ ಎಂದು ನೋಡಿ ಕೊಡುತ್ತಾರೆ ಎಂದು ಹೇಳಿದೆ. ಅವರು ನಗಲಿಲ್ಲ. “ದರ ಬಿದ್ದ ವರ್ಷ ನಂಬಿಗಸ್ತರೂ ಒಟ್ಟಿಗೇ ಬಾಕಿ ಉಳಿಸುತ್ತಾರೆಯೇ?” ಎಂದು ಕೇಳಿದರು. ದರ ಬಿದ್ದಾಗಲೂ ಹೌದು, ಕೊಳೆರೋಗ ಬಂದ ಮಳೆಗಾಲದಲ್ಲೂ ಹೌದು ಎಂದೆ. ಉಳಿದ ಅರ್ಧ ಗಂಟೆ ನಾವು ಅದನ್ನೇ ಮಾತಾಡಿದೆವು. ಏಪ್ರಿಲ್ 22ರ ಸೋಮವಾರ ಕೆಲಸಕ್ಕೆ ಸೇರಿದೆ. 90ರಲ್ಲಿ 70 ದಿನ ಖರ್ಚಾಗಿತ್ತು.

ಕೆಲಸದ ಹೆಸರು ಮಾಡೆಲ್ ವ್ಯಾಲಿಡೇಶನ್. ಸಾಲ ಮುಳುಗುವ ಸಂಭವವನ್ನು ಲೆಕ್ಕ ಹಾಕುವ ಮಾದರಿಯನ್ನು ಒಂದು ತಂಡ ಕಟ್ಟುತ್ತದೆ. ಅದನ್ನು ಕಟ್ಟದವರೊಬ್ಬರು ಸ್ವತಂತ್ರವಾಗಿ ಪರೀಕ್ಷಿಸಬೇಕೆಂಬುದು 2011ರ ಏಪ್ರಿಲ್‌ನಲ್ಲಿ ಫೆಡರಲ್ ರಿಸರ್ವ್ ಹೊರಡಿಸಿದ ಎಸ್‌ಆರ್ 11-7 ಎಂಬ ಮಾರ್ಗಸೂಚಿಯ ತಿರುಳಾಗಿತ್ತು. ಥಳಕಿಲ್ಲದ ಕೆಲಸ. ಆದರೆ ಗಣಿತ ಬಲ್ಲವರಿಗೆ, ಅದರಲ್ಲೂ ನಮ್ಮಂಥ ಹೊರದೇಶದವರಿಗೆ, ಟ್ರೇಡಿಂಗ್ ಮೇಜಿಗಿಂತ ಈ ಬಾಗಿಲು ಹೆಚ್ಚು ತೆರೆದಿರುತ್ತದೆ ಎಂಬುದು ನಾನು ಕಂಡದ್ದು. ನೌಕರರ ಕೆಲಸದ ಅರ್ಹತೆಯನ್ನು ಪರಿಶೀಲಿಸುವ ಸರ್ಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ಬ್ಯಾಂಕು ನೋಂದಾಯಿತವಾಗಿದ್ದರಿಂದ ಸ್ಟೆಮ್ ವಿಸ್ತರಣೆಯೂ ಸಿಕ್ಕಿತು. ಸೇರುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಇನ್ನು ಎಚ್-1ಬಿ, ಅಂದರೆ ಕಂಪನಿ ಪ್ರಾಯೋಜಿಸುವ ಉದ್ಯೋಗ ವೀಸಾ. ವರ್ಷಕ್ಕೆ ಇರುವುದು 85,000 ವೀಸಾ, ಅದರಲ್ಲಿ 20,000 ಇಲ್ಲಿ ಸ್ನಾತಕೋತ್ತರ ಓದಿದವರಿಗೆ ಮೀಸಲು. 2025ರ ಮಾರ್ಚಿನ ಲಾಟರಿಯಲ್ಲಿ ನನ್ನ ಹೆಸರು ಬರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕದ ಘೋಷಣೆ ಬಂದ ರಾತ್ರಿ ಯಾರೂ ಮಲಗಲಿಲ್ಲ. ಇಲ್ಲಿಯೇ ಇದ್ದು ವೀಸಾ ಬದಲಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಅದು ಅನ್ವಯಿಸದು ಎಂಬ ಸ್ಪಷ್ಟನೆ ಬಂದದ್ದು ಅಕ್ಟೋಬರಿನಲ್ಲಿ. ನನ್ನ ವಿಸ್ತರಣೆ 2027ರ ಫೆಬ್ರುವರಿಯವರೆಗಿದೆ. 2025ರ ಲಾಟರಿಗೂ ಆ ಗಡುವಿಗೂ ನಡುವೆ ಇರುವುದು ಒಂದೇ ಮಾರ್ಚ್, 2026ರದ್ದು.

ಈಗ ತೆರೆಯ ಮೇಲಿರುವ ಚಿತ್ರ ಅಪ್ಪ ಕಳೆದ ವಾರ ಕಳುಹಿಸಿದ್ದು. ಮನೆಯಲ್ಲೂ ಅವರು ಮಂಡಿಯ ಕ್ರಮದಲ್ಲೇ ಲೆಕ್ಕ ಬರೆಯುತ್ತಾರೆ. ನಾನು ಪ್ರತಿ ತಿಂಗಳು ಕಳುಹಿಸುವ ಸಾಲದ ಕಂತು ಬಲಗಡೆ, ಬಾಕಿ ಕೆಳಗಡೆ ಕೆಂಪು ಶಾಯಿಯಲ್ಲಿ, ಮತ್ತು ಪುಟದ ತಲೆಯ ಮೇಲೆ ನನ್ನ ಹೆಸರು, ಅದರ ಮುಂದೆ ಅವರದೇ ಅಕ್ಷರದಲ್ಲಿ: ‘ಮುಂಗಡ’.