ಹಳಿಗಳ ನಡುವಿನ ಅಳತೆ

ಕೇಳುಗರಿಗೆ ನಮಸ್ಕಾರ.

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ಮೊದಲ ಪ್ರಯಾಣಿಕರ ರೈಲಿನ ಸಂಗತಿ ತಮಗೆಲ್ಲ ತಿಳಿದೇ ಇದೆ. ಆದರೆ ಹಳಿ ಹಾಸಿದ ಮಾತ್ರಕ್ಕೆ ಅದು ದೇಶದ ರೈಲ್ವೆ ಜಾಲವೆನಿಸದು. ಒಂದು ಊರಿನಲ್ಲಿ ಹೊರಟ ಗಾಡಿ ಮತ್ತೊಂದು ಊರಿನ ಹಳಿಯ ಮೇಲೂ ಓಡುವಂತಿರಬೇಕು. ನಮ್ಮ ಹಾಸನಕ್ಕೆ ಆ ಭಾಗ್ಯ ಪೂರ್ತಿಯಾಗಿ ಒದಗಲು ಒಂದೂವರೆ ಶತಮಾನವೇ ಹಿಡಿಯಿತು.

ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಎರಡು ಹಳಿಗಳ ನಡುವೆ ಐದೂವರೆ ಅಡಿ, ಅಂದರೆ 1676 ಮಿಲಿಮೀಟರ್, ಅಂತರವಿರಬೇಕೆಂದು ನಿಶ್ಚಯವಾಗಿತ್ತು; ಇದೇ ಬ್ರಾಡ್ ಗೇಜ್. ಮುಂದೆ ವೈಸರಾಯ್ ಮೇಯೋನ ಕಾಲದಲ್ಲಿ, ಖರ್ಚು ಉಳಿಯಲೆಂದು, ಒಂದೇ ಮೀಟರ್ ಅಂತರದ ಹಳಿಗೂ, ಅಂದರೆ ಮೀಟರ್ ಗೇಜಿಗೂ, ಒಪ್ಪಿಗೆ ದೊರೆಯಿತು. ಇದರಿಂದ 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಬಂದ ಮಾರ್ಗ ಬ್ರಾಡ್ ಗೇಜ್ ಆಯಿತು, 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮುಟ್ಟಿದ ಮಾರ್ಗ ಮೀಟರ್ ಗೇಜ್ ಆಯಿತು. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಹೋದದ್ದೂ ಮೀಟರ್ ಗೇಜೇ. ಮದರಾಸಿಗೆ ಹೊರಟ ಮೂಟೆಯನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬದೆ ವಿಧಿಯಿರಲಿಲ್ಲ. ಹಳಿಗೆ ಉಳಿಸಿದ ದುಡ್ಡನ್ನು ಹಮಾಲಿಗೆ ಸುರಿದಂತಾಯಿತು.

1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. ಆಡಳಿತ ಒಂದಾಯಿತು, ಹಳಿ ಒಂದಾಗಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಹಾಸನ–ಮಂಗಳೂರು ಮಾರ್ಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವ ಆ ಘಟ್ಟವನ್ನು ಹತ್ತುವ ಸರಕು ಗಾಡಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್‌ಗಳೇ ಬೇಕು. ಇಷ್ಟು ಕಷ್ಟಪಟ್ಟು 1979ರಲ್ಲಿ ಮುಗಿಸಿದ ಮಾರ್ಗಕ್ಕೆ ಹಾಸಿದ್ದು ಮೀಟರ್ ಗೇಜ್ ಹಳಿ! ಕೇರಳದ ಕಡೆಯಿಂದ ಮಂಗಳೂರಿಗೆ ಬರುತ್ತಿದ್ದ ಹಳಿ ಅದಾಗಲೇ ಬ್ರಾಡ್ ಗೇಜ್ ಆಗಿತ್ತೆಂಬುದನ್ನು ನೆನೆದರೆ, ಆ ತೀರ್ಮಾನ ದೂರದೃಷ್ಟಿಯದಾಗಿತ್ತೆಂದು ನನಗೆ ಅನಿಸುವುದಿಲ್ಲ. ದೇಶಕ್ಕೆಲ್ಲ ಒಂದೇ ಅಳತೆಯ ಹಳಿ ಎಂಬ ಯೋಜನೆ 1992ರಲ್ಲಿ ಬಂದ ಮೇಲೆ, 1996ರಲ್ಲಿ ಘಟ್ಟದ ಸಂಚಾರ ನಿಂತಿತು. ಹಳಿ ಕಿತ್ತು, ಅಗಲದ ಹಳಿ ಕೂರಿಸಿ, ಮೊದಲು ಸರಕು ಗಾಡಿಗಳು, ಬಳಿಕ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಓಡಿದವು. ಅಷ್ಟು ವರ್ಷ ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ಶಿರಾಡಿಯ ರಸ್ತೆಯೇ ಗತಿಯಾಗಿತ್ತು.

ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು. ಶ್ರವಣಬೆಳಗೊಳ, ಕುಣಿಗಲ್ ಮೇಲಿನ ನೇರ ಮಾರ್ಗ 2017ರಲ್ಲಿ ಹಾಸನವನ್ನು ಬೆಂಗಳೂರಿಗೆ ಹತ್ತಿರ ಮಾಡಿತು. ಬೇಲೂರಿನ ಮೂಲಕ ನಮ್ಮ ಎರಡೂ ಜಿಲ್ಲಾ ಕೇಂದ್ರಗಳನ್ನು ಕೂಡಿಸುವ ಮಾರ್ಗ ಪೂರ್ಣವಾಗುವವರೆಗೆ, ಚಿಕ್ಕಮಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಬರುವವರು ಕಡೂರು, ಅರಸೀಕೆರೆ ಸುತ್ತಿಯೇ ಬರಬೇಕು.

ನಮಸ್ಕಾರ.