43ರ ವಯಸ್ಸಲ್ಲಿ ಪ್ರೀಮಿಯರ್ ಲೀಗ್ ಗೋಲ್ ಕಾದವರು: ಜಾನ್ ಬರಿಡ್ಜ್ ಕಥೆ

[ದೃಶ್ಯ: ಮೇನ್ ರೋಡ್ ಮೈದಾನದ ಹಳೆಯ ಚಿತ್ರ. ಪರದೆಯ ಮೇಲೆ: 29 ಏಪ್ರಿಲ್ 1995, ಮ್ಯಾಂಚೆಸ್ಟರ್]

ಮ್ಯಾಂಚೆಸ್ಟರ್ ಸಿಟಿ ಮತ್ತು ನ್ಯೂಕಾಸಲ್ ನಡುವೆ ಪಂದ್ಯ. ಮಧ್ಯದಲ್ಲಿ ಸಿಟಿಯ ಗೋಲ್‌ಕೀಪರ್ ಟೋನಿ ಕೋಟನ್ ಗಾಯಗೊಂಡರು. ಬೆಂಚಿನಿಂದ ಎದ್ದು ಬಂದ ಕೀಪರ್‌ಗೆ ಆಗ ವಯಸ್ಸು 43. ಆ ದಿನ ಮೈದಾನದಲ್ಲಿದ್ದ ಕೆಲವು ಆಟಗಾರರು ಹುಟ್ಟುವ ಮೊದಲೇ ಅವರು ವೃತ್ತಿಪರ ಫುಟ್ಬಾಲ್ ಆಡಲು ಶುರು ಮಾಡಿದ್ದರು. ಇನ್ನೊಂದು ವಿಷಯ ಕೇಳಿ. ಎದುರು ತಂಡ ನ್ಯೂಕಾಸಲ್ ಇತ್ತಲ್ವಾ? ಅಲ್ಲಿನ ಕೀಪರ್‌ಗಳಿಗೆ ತರಬೇತಿ ಕೊಟ್ಟವರೂ ಇವರೇ!

ಪಂದ್ಯ 0-0ರಲ್ಲಿ ಮುಗಿಯಿತು. ಒಂದು ಗೋಲನ್ನೂ ಬಿಡಲಿಲ್ಲ.

ಇವರ ಹೆಸರು ಜಾನ್ ಬರಿಡ್ಜ್. ಅಭಿಮಾನಿಗಳ ಬಾಯಲ್ಲಿ 'ಬಡ್ಜಿ'. ಅದೇ ವರ್ಷ ಮೇ 14ರಂದು ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ ಮತ್ತೆ ಆಡಿದರು. ಆಗ ವಯಸ್ಸು 43 ವರ್ಷ 162 ದಿನ. ಇಂಗ್ಲೆಂಡಿನ ಅತಿ ಮೇಲಿನ ಫುಟ್ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ಅತ್ಯಂತ ಹಿರಿಯ ಆಟಗಾರ ಎಂಬ ದಾಖಲೆ ಈಗಲೂ ಅವರದ್ದೇ.

ಆದರೆ ಈ ವಿಡಿಯೋ ಆ ದಾಖಲೆ ಬಗ್ಗೆ ಅಲ್ಲ. 1969ರಿಂದ 1997ರವರೆಗೆ ಈ ಮನುಷ್ಯ 30ರ ಹತ್ತಿರ ಹತ್ತಿರ ಕ್ಲಬ್‌ಗಳಿಗೆ ಆಡಿದರು. ಬರೀ ಲೀಗ್ ಪಂದ್ಯಗಳೇ 750 ದಾಟುತ್ತವೆ. ಇಷ್ಟೊಂದು ಊರು ಸುತ್ತಿದ್ದು ಯಾಕೆ? ಹೀಗೆ ಸುತ್ತಿದ ಮನುಷ್ಯ ಕೊನೆಗೆ ಎಂಥ ಕೋಚ್ ಆದರು? ಅದನ್ನು ನೋಡೋಣ.

[ದೃಶ್ಯ: ಹನ್ನೊಂದು ಆಟಗಾರರ ರೇಖಾಚಿತ್ರ. ಹತ್ತು ಚುಕ್ಕಿ ಮಸುಕು, ಗೋಲ್ ಮುಂದಿನ ಒಂದೇ ಚುಕ್ಕಿ ಕೆಂಪು]

ಮೊದಲು ಗೋಲ್‌ಕೀಪರ್ ಕೆಲಸದ ಲೆಕ್ಕಾಚಾರ ಅರ್ಥ ಮಾಡಿಕೊಳ್ಳಬೇಕು. ಒಂದು ತಂಡದಲ್ಲಿ ಮಿಡ್‌ಫೀಲ್ಡರ್ ಫಾರ್ಮ್ ಕಳೆದುಕೊಂಡರೆ ವಿಂಗ್‌ಗೆ ಹಾಕಬಹುದು, ಡಿಫೆನ್ಸ್‌ಗೆ ಇಳಿಸಬಹುದು, ಕೊನೆಯ ಇಪ್ಪತ್ತು ನಿಮಿಷ ಆಡಿಸಬಹುದು. ಕೀಪರ್‌ಗೆ ಆ ಯಾವ ದಾರಿಯೂ ಇಲ್ಲ. ಇರುವುದು ಒಂದೇ ಜಾಗ. ನಿಮಗಿಂತ ಸ್ವಲ್ಪ ಚೆನ್ನಾಗಿ ಆಡುವವನು ಬಂದ ಅಂದರೆ ಮುಗೀತು. ಕ್ಲಬ್ ಬಿಡಬೇಕು, ಇಲ್ಲವೇ ವರ್ಷಗಟ್ಟಲೆ ರಿಸರ್ವ್ ತಂಡದಲ್ಲಿ ಕೊಳೆಯಬೇಕು.

ಬರಿಡ್ಜ್ ಕೂರುವ ಜಾತಿಯಲ್ಲ. ಆಡಬೇಕು, ಶನಿವಾರ ಬಂತು ಅಂದರೆ ಗೋಲ್ ಮುಂದೆ ನಿಲ್ಲಲೇಬೇಕು. ಅವರ ಇಡೀ ವೃತ್ತಿ ಜೀವನ ಈ ಒಂದು ಹಠದ ಮೇಲೆ ನಿಂತಿದೆ ಅನ್ನುವುದು ನನ್ನ ಅಭಿಪ್ರಾಯ.

ಹುಟ್ಟಿದ್ದು 1951ರ ಡಿಸೆಂಬರ್ 3ರಂದು, ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬರ್ಲೆಂಡ್‌ನಲ್ಲಿ. ಗಣಿಗಳ ನಾಡು ಅದು. ವರ್ಕಿಂಗ್ಟನ್ ಅನ್ನುವ ನಾಲ್ಕನೇ ಡಿವಿಷನ್ (ಆಗಿನ ಲೀಗ್‌ನ ಅತಿ ಕೆಳಗಿನ ಹಂತ) ಕ್ಲಬ್‌ನಲ್ಲಿ ಹದಿಹರೆಯದಲ್ಲೇ ಶುರು. 1971ರಲ್ಲಿ ಬ್ಲ್ಯಾಕ್‌ಪೂಲ್. ಅದೇ ವರ್ಷ ಆಂಗ್ಲೋ-ಇಟಾಲಿಯನ್ ಕಪ್ ಫೈನಲ್‌ನಲ್ಲಿ ಇಟಲಿಯ ಬೊಲೊನ್ಯಾ ತಂಡವನ್ನು ಅದರ ಊರಲ್ಲೇ 2-1ರಿಂದ ಸೋಲಿಸಿದರು.

1975ರಲ್ಲಿ ಆಸ್ಟನ್ ವಿಲ್ಲಾ. ಇಲ್ಲಿ 1977ರ ಲೀಗ್ ಕಪ್ ಗೆದ್ದರು. ಆ ಫೈನಲ್ ಮುಗಿಯಲು ಮೂರು ಪಂದ್ಯ ಬೇಕಾಯಿತು. ವೆಂಬ್ಲಿಯಲ್ಲಿ ಎವರ್ಟನ್ ವಿರುದ್ಧ 0-0. ಹಿಲ್ಸ್‌ಬರೋದಲ್ಲಿ 1-1. ಮೂರನೆಯದು ಓಲ್ಡ್ ಟ್ರ್ಯಾಫರ್ಡ್‌ನಲ್ಲಿ, ಹೆಚ್ಚುವರಿ ಸಮಯದ ಕೊನೆಗೆ 3-2. ಕಪ್ ಗೆದ್ದ ಕೀಪರ್‌ಗೆ ಜಾಗ ಗಟ್ಟಿ ಅಂತ ನೀವು ಅಂದುಕೊಳ್ಳುತ್ತೀರಿ. ಆದರೆ ಕೆಲವೇ ತಿಂಗಳಲ್ಲಿ ಆರ್ಸೆನಲ್‌ನಿಂದ ಜಿಮ್ಮಿ ರಿಮ್ಮರ್ ಬಂದರು. ಬರಿಡ್ಜ್ ಹೊರಗೆ. ಮುಂದೆ ಅದೇ ವಿಲ್ಲಾ ಲೀಗ್ ಗೆದ್ದಿತು, 1982ರಲ್ಲಿ ಯುರೋಪಿಯನ್ ಕಪ್ಪನ್ನೂ ಗೆದ್ದಿತು. ಆ ಫೋಟೋಗಳಲ್ಲಿ ಬರಿಡ್ಜ್ ಇಲ್ಲ.

[ದೃಶ್ಯ: ಕ್ರಿಸ್ಟಲ್ ಪ್ಯಾಲೇಸ್‌ನ ಸೆಲ್‌ಹರ್ಸ್ಟ್ ಪಾರ್ಕ್]

1978ರಲ್ಲಿ ಕ್ರಿಸ್ಟಲ್ ಪ್ಯಾಲೇಸ್. ಮ್ಯಾನೇಜರ್ ಟೆರ್ರಿ ವೆನಬಲ್ಸ್, ತಂಡ ತುಂಬಾ ಹುಡುಗರು. 1978-79ರಲ್ಲಿ ಎರಡನೇ ಡಿವಿಷನ್ ಚಾಂಪಿಯನ್ ಆದರು. 42 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟಿದ್ದು ಬರೀ 24 ಗೋಲ್! ಮರು ಸೀಸನ್ ಸೆಪ್ಟೆಂಬರ್‌ನಲ್ಲಿ ಇಪ್ಸ್‌ವಿಚ್ ತಂಡವನ್ನು 4-1ರಿಂದ ಸೋಲಿಸಿ ಇಡೀ ಇಂಗ್ಲೆಂಡಿನ ಮೊದಲ ಸ್ಥಾನಕ್ಕೆ ಏರಿದರು. ಪ್ಯಾಲೇಸ್ ಅಭಿಮಾನಿಗಳು ಬರಿಡ್ಜ್ ಅಂದ ತಕ್ಷಣ ನೆನೆಯುವುದು ಗೋಲಿನ ಅಡ್ಡಪಟ್ಟಿಯ ಮೇಲೆ ಹತ್ತಿ ಕೂತ ಅವರ ಚಿತ್ರವನ್ನು. ಪಂದ್ಯಕ್ಕೆ ಮೊದಲು ಪಲ್ಟಿ ಹೊಡೆಯುವುದು, ಕೈ ಮೇಲೆ ನಡೆಯುವುದು ಅವರ ವಾರ್ಮಪ್.

ಇದನ್ನೆಲ್ಲ ನೋಡಿ ಜನ ಅವರನ್ನು ತಮಾಷೆಯ ಮನುಷ್ಯ ಅಂತ ಕರೆದರು. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಟಿವಿ ನೋಡುತ್ತಾ ಕೂತಾಗ ಹೆಂಡತಿಗೆ ಹೇಳಿ ಇದ್ದಕ್ಕಿದ್ದಂತೆ ಹಣ್ಣು ಎಸೆಯಲು ಹೇಳುತ್ತಿದ್ದರಂತೆ. ಕಣ್ಣಂಚಿನಲ್ಲಿ ಕಂಡದ್ದನ್ನು ಕೈ ಹಿಡಿಯಬೇಕು, ಅಷ್ಟೇ. ಕೈಗವಸು ಹಾಕಿಕೊಂಡೇ ಮಲಗುತ್ತಿದ್ದುದನ್ನೂ ಅವರೇ ಹೇಳಿಕೊಂಡಿದ್ದಾರೆ. ಕೇಳಲು ವಿಚಿತ್ರ, ನಿಜ. ಆದರೆ ಆ ಕಾಲವನ್ನು ಸ್ವಲ್ಪ ಯೋಚಿಸಿ. 1970ರ ದಶಕದಲ್ಲಿ ಇಂಗ್ಲೆಂಡಿನ ಹೆಚ್ಚಿನ ಕ್ಲಬ್‌ಗಳಲ್ಲಿ ಗೋಲ್‌ಕೀಪಿಂಗ್ ಕೋಚ್ ಅನ್ನುವ ಹುದ್ದೆಯೇ ಇರಲಿಲ್ಲ. ಕೀಪರ್‌ಗಳು ಎಲ್ಲರ ಜೊತೆ ಓಡುತ್ತಿದ್ದರು. ತರಬೇತಿಯ ಕೊನೆಗೆ ಸ್ಟ್ರೈಕರ್‌ಗಳ ಹೊಡೆತಕ್ಕೆ ಗೋಲ್‌ನಲ್ಲಿ ನಿಲ್ಲುತ್ತಿದ್ದರು. ಅದು ಸ್ಟ್ರೈಕರ್‌ಗೆ ಅಭ್ಯಾಸ, ಕೀಪರ್‌ಗೆ ಅಲ್ಲ. ಕಲಿಯಬೇಕು ಅಂದರೆ ನೀವೇ ನಿಮಗೆ ಗುರು ಆಗಬೇಕಿತ್ತು. ಬರಿಡ್ಜ್ ಮಾಡಿದ್ದು ಅದನ್ನೇ. ಹಾಗೆ ನೋಡಿದರೆ ಅವರ ಕೋಚಿಂಗ್ ಜೀವನ ಶುರುವಾಗಿದ್ದು ಮುಂದೆ ಅವರು ಕೋಚ್ ಆಗಿ ಹೋದ ಒಮಾನ್‌ನಲ್ಲಿ ಅಲ್ಲ, ಅವರ ಮನೆಯ ಸೋಫಾದ ಮೇಲೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕ್ವೀನ್ಸ್ ಪಾರ್ಕ್ ರೇಂಜರ್ಸ್, ವುಲ್ವ್ಸ್, ಶೆಫೀಲ್ಡ್ ಯುನೈಟೆಡ್. 1987ರಲ್ಲಿ ಇಂಗ್ಲೆಂಡ್ ತಂಡದ ಕೀಪರ್ ಪೀಟರ್ ಶಿಲ್ಟನ್ ಸೌತಾಂಪ್ಟನ್ ಬಿಟ್ಟಾಗ ಆ ಜಾಗಕ್ಕೆ ಬರಿಡ್ಜ್. ಆಮೇಲೆ ನ್ಯೂಕಾಸಲ್. ಇಂಗ್ಲೆಂಡ್ ತಂಡಕ್ಕೆ ಮಾತ್ರ ಒಮ್ಮೆಯೂ ಆಡಲಿಲ್ಲ. ಶಿಲ್ಟನ್ ಮತ್ತು ರೇ ಕ್ಲೆಮೆನ್ಸ್ ಇದ್ದ ಕಾಲ ಅದು. ಆ ಇಬ್ಬರನ್ನು ದಾಟುವುದು ಯಾರಿಗೂ ಸುಲಭ ಇರಲಿಲ್ಲ.

ಒಂದು ನಿಲ್ದಾಣದಲ್ಲಿ ಮಾತ್ರ ನಿಲ್ಲಲೇಬೇಕು. ಸ್ಕಾಟ್ಲೆಂಡಿನ ಎಡಿನ್‌ಬರೋದ ಹಿಬರ್ನಿಯನ್, ಅಂದರೆ ಹಿಬ್ಸ್.

[ದೃಶ್ಯ: ಹಸಿರು ಜರ್ಸಿ, 1991ರ ಸ್ಕೋಲ್ ಕಪ್ (ಸ್ಕಾಟಿಷ್ ಲೀಗ್ ಕಪ್)]

1990ರಲ್ಲಿ ಈ ಕ್ಲಬ್ ಸತ್ತೇ ಹೋಗುವುದರಲ್ಲಿತ್ತು. ಅದೇ ಊರಿನ ಎದುರಾಳಿ ಕ್ಲಬ್ ಹಾರ್ಟ್ಸ್‌ನ ಅಧ್ಯಕ್ಷ ವಾಲೇಸ್ ಮರ್ಸರ್ ಹಿಬ್ಸ್ ಅನ್ನು ಕೊಂಡು ಎರಡನ್ನೂ ಒಂದು ಮಾಡಲು ಹೊರಟಿದ್ದರು. ಅಭಿಮಾನಿಗಳು ಬೀದಿಗಿಳಿದು ತಡೆದರು. ಮರುವರ್ಷ ಅಕ್ಟೋಬರ್ 27ರಂದು ಅದೇ ಕ್ಲಬ್ ಸ್ಕಾಟಿಷ್ ಲೀಗ್ ಕಪ್ ಎತ್ತಿತು. ಸೆಮಿಫೈನಲ್‌ನಲ್ಲಿ ಗ್ಲಾಸ್ಗೋದ ರೇಂಜರ್ಸ್ ವಿರುದ್ಧ 1-0. ಫೈನಲ್‌ನಲ್ಲಿ ಡನ್‌ಫರ್ಮ್ಲಿನ್ ವಿರುದ್ಧ 2-0. ಎರಡರಲ್ಲೂ ಎದುರಾಳಿಗೆ ಗೋಲೇ ಇಲ್ಲ. ಗೋಲ್ ಮುಂದಿದ್ದ ಬರಿಡ್ಜ್‌ಗೆ 40 ತುಂಬಲು ಇನ್ನು ಕೆಲವೇ ವಾರ ಬಾಕಿ. ಬೇರೆ ಯಾರಾದರೂ ಇಲ್ಲಿಗೆ ಸಾಕು ಅನ್ನುತ್ತಿದ್ದರು.

ಆದರೆ ಅಷ್ಟರಲ್ಲಿ ಎರಡು ನಿಯಮಗಳು ಬದಲಾದವು.

ಒಂದು, 1992ರ ಬ್ಯಾಕ್‌ಪಾಸ್ ನಿಯಮ. ತನ್ನ ತಂಡದವರು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಇಪ್ಪತ್ತು ವರ್ಷ ಸುಮ್ನೆ ಬಗ್ಗಿ ಚೆಂಡು ಎತ್ತಿಕೊಳ್ಳುತ್ತಿದ್ದವರು ಈಗ ಕಾಲಿನಿಂದ ಹೊಡೆಯಲು ಕಲಿಯಬೇಕು. 40ನೇ ವಯಸ್ಸಿನಲ್ಲಿ! ಎಷ್ಟೋ ಹಿರಿಯ ಕೀಪರ್‌ಗಳಿಗೆ ಇದು ಕಷ್ಟವಾಯಿತು.

ಇನ್ನೊಂದು ನಿಯಮ ಅಷ್ಟಾಗಿ ಸುದ್ದಿಯಾಗಲಿಲ್ಲ, ಆದರೆ ಬರಿಡ್ಜ್ ಪಾಲಿಗೆ ಅದೇ ದೊಡ್ಡದು. ಮೊದಲು ಬೆಂಚಿನಲ್ಲಿ ಒಬ್ಬರೋ ಇಬ್ಬರೋ ಬದಲಿ ಆಟಗಾರರು ಮಾತ್ರ ಇರುತ್ತಿದ್ದರು. ಆ ಜಾಗವನ್ನು ಕೀಪರ್‌ಗೆ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಕೀಪರ್ ಗಾಯಗೊಂಡರೆ ಯಾರೋ ಡಿಫೆಂಡರ್ ಅಂಗಿ ಬದಲಿಸಿ ಗೋಲ್‌ಗೆ ನಿಲ್ಲುತ್ತಿದ್ದರು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ಬೆಂಚಿನಲ್ಲಿ ಕೀಪರ್‌ಗೂ ಒಂದು ಜಾಗ ಸಿಕ್ಕಿತು. ಸ್ವಲ್ಪ ಸಮಯದಲ್ಲಿ ಕೆಳಗಿನ ಲೀಗ್‌ಗಳಲ್ಲೂ ಅದೇ ಬಂತು. ಈಗ ಪ್ರತಿ ಕ್ಲಬ್‌ಗೂ ಎರಡನೇ ಕೀಪರ್ ಬೇಕು. ಜಾಸ್ತಿ ಸಂಬಳ ಕೇಳದವನು ಬೇಕು, ಫೋನ್ ಮಾಡಿದರೆ ನಾಳೆಯೇ ಬರುವವನು ಬೇಕು.

ಸ್ಕಾರ್ಬರೋ, ಲಿಂಕನ್, ಅಬರ್ಡೀನ್, ಡಂಬಾರ್ಟನ್, ಫಾಲ್ಕರ್ಕ್, ಮ್ಯಾಂಚೆಸ್ಟರ್ ಸಿಟಿ, ಡಾರ್ಲಿಂಗ್ಟನ್. ಬರಿಡ್ಜ್ ಕ್ಲಬ್‌ಗಳ ಪಟ್ಟಿ ಕೊನೆಯ ಕೆಲವು ವರ್ಷಗಳಲ್ಲಿ ಇದ್ದಕ್ಕಿದ್ದಂತೆ ಉದ್ದವಾಗುವುದು ಇದೇ ಕಾರಣಕ್ಕೆ. ಇದನ್ನು ಅಲೆಮಾರಿತನ ಅಂತ ನೋಡುವವರು ಇದ್ದಾರೆ. ನನಗೆ ಕಾಣುವುದು ನಂಬಿಕೆ. ವಾರದ ಮಧ್ಯೆ ಬಂದು ಶನಿವಾರ ಆಡು ಅಂದರೆ ಆಡಬಲ್ಲ ಮನುಷ್ಯ ಅಂತ ಅಷ್ಟೊಂದು ಮ್ಯಾನೇಜರ್‌ಗಳು ನಂಬಿದ್ದರು.

ಕೊನೆಗೆ ಬ್ಲೈತ್ ಸ್ಪಾರ್ಟನ್ಸ್‌ನಲ್ಲಿ ಆಟಗಾರನೂ ಹೌದು, ಮ್ಯಾನೇಜರ್ ಕೂಡ ಹೌದು. ಅದು ಮುಗಿದ ಮೇಲೆ ಆಟ ನಿಂತಿತು. ಆಟ ನಿಂತಾಗ ಮನಸ್ಸು ಕುಸಿಯಿತು. ತೀವ್ರ ಖಿನ್ನತೆ, ಆಸ್ಪತ್ರೆ. ಇದನ್ನು ಬರಿಡ್ಜ್ ಮುಚ್ಚಿಡದೆ ಹೇಳಿದ್ದಾರೆ. ಸುಮಾರು ಮೂರು ದಶಕ ಪ್ರತಿ ವಾರ ಒಂದೇ ಗುರಿ ಇಟ್ಟುಕೊಂಡು ಬದುಕಿದವರಿಗೆ ಮುಂದಿನ ಶನಿವಾರ ಖಾಲಿ ಅಂದರೆ ಅದು ಸಣ್ಣ ಮಾತಲ್ಲ. ಆಟಗಾರರು ನಿವೃತ್ತಿ ಆದ ದಿನ ನಾವು ಚಪ್ಪಾಳೆ ತಟ್ಟುತ್ತೇವೆ. ಮರುದಿನ ಬೆಳಗ್ಗೆ ಅವರಿಗೆ ಹೇಗಿರುತ್ತದೆ ಅಂತ ಕೇಳುವವರು ಕಡಿಮೆ.

[ದೃಶ್ಯ: ಒಮಾನ್ ನಕ್ಷೆ. ಮಸ್ಕತ್, ಅಲ್ ಮುದೈಬಿ]

ಅವರನ್ನು ಮತ್ತೆ ಎಬ್ಬಿಸಿದ್ದು ಮರುಭೂಮಿಯ ನಾಡು. ಒಮಾನ್‌ನಲ್ಲಿ ಗೋಲ್‌ಕೀಪಿಂಗ್ ಕೋಚ್ ಕೆಲಸ ಸಿಕ್ಕಿತು. ಅಲ್ಲಿ ಒಬ್ಬ ಹುಡುಗನನ್ನು ಕಂಡರು. ಎತ್ತರದ ಆಳು. ಅಲ್ ಮುದೈಬಿ ಅನ್ನುವ ಊರಿನ ಸಣ್ಣ ಕ್ಲಬ್‌ನ ಕೀಪರ್. ಹೊಟ್ಟೆಪಾಡಿಗೆ ಮಸ್ಕತ್‌ನ ಸೀಬ್ ವಿಮಾನ ನಿಲ್ದಾಣದಲ್ಲಿ ಅಗ್ನಿಶಾಮಕ ಕೆಲಸ. ಹೆಸರು ಅಲಿ ಅಲ್ ಹಬ್ಸಿ.

ಈತ ಇಂಗ್ಲೆಂಡಿನಲ್ಲಿ ಆಡಬಲ್ಲ ಅಂತ ಬರಿಡ್ಜ್ ನಂಬಿದರು. ಆಗ ಇದು ಯಾರೂ ಒಪ್ಪುವ ಮಾತಾಗಿರಲಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಅಲ್ಲಿಯವರೆಗೆ ಒಬ್ಬನೇ ಒಬ್ಬ ಒಮಾನಿ ಆಡಿರಲಿಲ್ಲ.

ಪ್ರತಿಭೆ ಇದ್ದರೆ ಸಾಕಾಗುತ್ತಿರಲಿಲ್ಲ, ವರ್ಕ್ ಪರ್ಮಿಟ್ ಬೇಕಿತ್ತು. ಆಗಿನ ಬ್ರಿಟಿಷ್ ನಿಯಮ ಹೀಗಿತ್ತು: ಆಟಗಾರನ ದೇಶ ಫಿಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕು. ಹಿಂದಿನ ಎರಡು ವರ್ಷಗಳಲ್ಲಿ ದೇಶದ ಮುಖ್ಯ ಪಂದ್ಯಗಳಲ್ಲಿ ಶೇಕಡಾ 75ರಷ್ಟನ್ನು ಅವನು ಆಡಿರಬೇಕು. ಎರಡನೆಯದು ಅಲಿಯ ಕೈಯಲ್ಲಿತ್ತು. ಮೊದಲನೆಯದು ಅವನೊಬ್ಬನ ಕೈಯಲ್ಲಿ ಇರಲಿಲ್ಲ.

ಹಾಗಾಗಿ ಸುತ್ತುದಾರಿ ಹಿಡಿಯಬೇಕಾಯಿತು. 2003ರಲ್ಲಿ ಅಲಿ ನಾರ್ವೆಯ ಲಿನ್ ಓಸ್ಲೋ ಕ್ಲಬ್ ಸೇರಿದರು. ಮಸ್ಕತ್‌ನ ಬಿಸಿಲಿನಿಂದ ಓಸ್ಲೋದ ಹಿಮಕ್ಕೆ. 2004ರಲ್ಲಿ ನಾರ್ವೆಯ ವರ್ಷದ ಅತ್ಯುತ್ತಮ ಕೀಪರ್ ಪ್ರಶಸ್ತಿ. 2006ರ ಜನವರಿಯಲ್ಲಿ ಇಂಗ್ಲೆಂಡಿನ ಬೋಲ್ಟನ್ ಕರೆಯಿತು.

ಅಲ್ಲಿ ಮತ್ತೆ ಅದೇ ಹಳೆಯ ಸಮಸ್ಯೆ, ಒಂದೇ ಜಾಗ. ಆ ಜಾಗದಲ್ಲಿ ಫಿನ್ಲೆಂಡಿನ ಯೂಸಿ ಯಾಸ್ಕಲೈನೆನ್ ಗಟ್ಟಿಯಾಗಿ ನಿಂತಿದ್ದರು. ಅಲಿಗೆ ಮೊದಲ ಲೀಗ್ ಪಂದ್ಯ ಸಿಕ್ಕಿದ್ದು 2008ರಲ್ಲಿ. ಎರಡು ವರ್ಷಕ್ಕೂ ಜಾಸ್ತಿ ಕಾದರು. ಕಾಯುತ್ತಾ ಕಾಯುತ್ತಾ ಹರಿತವಾಗಿ ಉಳಿಯುವುದಿದೆಯಲ್ಲ, ಗೋಲ್‌ಕೀಪಿಂಗ್‌ನಲ್ಲಿ ಅತ್ಯಂತ ಕಷ್ಟದ ಭಾಗ ಅದು. ಅದನ್ನು ಕಲಿಸಲು ಬರಿಡ್ಜ್‌ಗಿಂತ ಒಳ್ಳೆಯ ಗುರು ಯಾರಿದ್ದರು ಹೇಳಿ?

2010ರಲ್ಲಿ ವಿಗನ್‌ಗೆ ಸಾಲದ ಮೇಲೆ, ಅಂದರೆ ಬೋಲ್ಟನ್ ಆಟಗಾರನಾಗಿದ್ದುಕೊಂಡೇ ತಾತ್ಕಾಲಿಕವಾಗಿ ಹೋದರು. ವಿಗನ್ ಆ ಸೀಸನ್ನಿನ ಮೊದಲ ಎರಡು ಪಂದ್ಯಗಳಲ್ಲಿ ತಿಂದಿದ್ದು ಹತ್ತು ಗೋಲ್: ಬ್ಲ್ಯಾಕ್‌ಪೂಲ್ ವಿರುದ್ಧ 0-4, ಚೆಲ್ಸಿ ವಿರುದ್ಧ 0-6. ಮೂರನೇ ಪಂದ್ಯ ಟಾಟನ್‌ಹ್ಯಾಮ್ ಊರಲ್ಲಿ. ಗೋಲ್‌ಗೆ ಅಲಿ. ಫಲಿತಾಂಶ 1-0, ಗೆದ್ದಿದ್ದು ವಿಗನ್! ಆ ಸೀಸನ್ನಿನ ಕೊನೆಯ ದಿನ ವಿಗನ್ ಲೀಗ್‌ನಲ್ಲಿ ಉಳಿದುಕೊಂಡಿತು. ಕ್ಲಬ್‌ನ ವರ್ಷದ ಆಟಗಾರ ಅಲಿ ಅಲ್ ಹಬ್ಸಿ.

ಒಮಾನ್ ಜನರಿಗೆ ಮಾತ್ರ ಇದೆಲ್ಲಕ್ಕಿಂತ ದೊಡ್ಡದು 2009ರ ಗಲ್ಫ್ ಕಪ್, ಕೊಲ್ಲಿ ಪ್ರದೇಶದ ದೇಶಗಳ ಟೂರ್ನಿ. ಅದಕ್ಕೆ ಹಿಂದಿನ ಎರಡು ಸಲ ಫೈನಲ್‌ಗೆ ಹೋಗಿ ಸೋತಿದ್ದರು, ಒಮ್ಮೆ ಕತಾರ್‌ಗೆ, ಒಮ್ಮೆ ಯುಎಇಗೆ. ಈ ಸಲ ಟೂರ್ನಿ ಮಸ್ಕತ್‌ನಲ್ಲೇ. ಫೈನಲ್‌ನಲ್ಲಿ ಸೌದಿ ಅರೇಬಿಯಾ. ಹೆಚ್ಚುವರಿ ಸಮಯ ಮುಗಿದರೂ 0-0. ಪೆನಾಲ್ಟಿಯಲ್ಲಿ ಒಮಾನ್ 6-5ರಿಂದ ಗೆದ್ದು ಮೊದಲ ಬಾರಿಗೆ ಕಪ್ ಎತ್ತಿತು. ಐದು ಪಂದ್ಯಗಳ ಆಟದಲ್ಲಿ ಅಲಿ ಬಿಟ್ಟುಕೊಟ್ಟ ಗೋಲ್ ಸೊನ್ನೆ. ಸತತ ನಾಲ್ಕನೇ ಸಲ ಅವರೇ ಟೂರ್ನಿಯ ಅತ್ಯುತ್ತಮ ಕೀಪರ್.

[ದೃಶ್ಯ: ಪರದೆ ಕಪ್ಪು. ಚಾನೆಲ್ ಹೆಸರು]